ಹಗಲು ಮಲಗುವವರ ಪರದೆ: ಡೊಂಬಿವಲಿಯ ಅಂಗಡಿಯೊಂದರಲ್ಲಿ ಹೊಲಿಸಿದ ಬ್ಲ್ಯಾಕ್‌ಔಟ್ ಕರ್ಟನ್

ಡೊಂಬಿವಲಿ ಪೂರ್ವದಲ್ಲಿ ಫಡಕೆ ರಸ್ತೆಗೆ ಸೇರುವ ಗಲ್ಲಿಯೊಂದರಲ್ಲಿ ಚಾದರ, ದಿಂಬಿನ ಕವರು, ಪರದೆ ಬಟ್ಟೆ ಮಾರುವ ಸಣ್ಣ ಅಂಗಡಿಯೊಂದಿದೆ. ಮಲಗುವ ಕೋಣೆಯ ಕಿಟಕಿಗೆ ಅಲ್ಲಿ ಅಳತೆ ಕೊಟ್ಟು ಹೊಲಿಸಿದ, ಹೊರಗಿನ ಬೆಳಕನ್ನು ಪೂರ್ತಿ ತಡೆಯುವ ಬ್ಲ್ಯಾಕ್‌ಔಟ್ ಪರದೆಯನ್ನು ಬೇಸಿಗೆ, ಮಳೆಗಾಲ ಮತ್ತು ಅಕ್ಟೋಬರ್ ತಿಂಗಳ ಸೆಕೆ ಇಷ್ಟನ್ನೂ ದಾಟಿಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಾನು ದಾದರ್ ಕಡೆಯ ಖಾಸಗಿ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿ ನೈಟ್ ಡ್ಯೂಟಿ ರಾತ್ರಿ 8ಕ್ಕೆ ಆರಂಭವಾಗಿ ಬೆಳಿಗ್ಗೆ 8ಕ್ಕೆ ಮುಗಿಯುತ್ತದೆ. ಮುಂದಿನ ಪಾಳಿಯವರಿಗೆ ರೋಗಿಗಳ ಹ್ಯಾಂಡೋವರ್ ಕೊಟ್ಟು, ಬಟ್ಟೆ ಬದಲಾಯಿಸಿ, ಲೋಕಲ್ ರೈಲು ಹಿಡಿದು ಮನೆ ಸೇರುವಾಗ ಹತ್ತು ಗಂಟೆ ಸಮೀಪಿಸಿರುತ್ತದೆ. ಆ ಹೊತ್ತಿನಲ್ಲಿ ನಿದ್ರೆಗೆ ಜಾರಬೇಕಾದವರ ದೃಷ್ಟಿಯಿಂದಲೇ ನಾನು ಈ ಪರದೆಯನ್ನು ಅಳೆದಿದ್ದೇನೆ. ಕೋಣೆಯ ಅಂದಕ್ಕಾಗಿ ಪರದೆ ಹುಡುಕುತ್ತಿರುವವರಿಗೆ ಈ ಬರಹದಿಂದ ಹೆಚ್ಚಿನ ಉಪಯೋಗವಾಗಲಾರದು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಪಾಳಿಯ ಆಯಾಸವನ್ನು ತಡೆದುಕೊಳ್ಳಲು ನರ್ಸ್ ಒಬ್ಬಳು ತನ್ನ ಸಂಬಳದಿಂದ ಮಾಡಬಹುದಾದ ಖರ್ಚುಗಳಲ್ಲಿ ಮೊದಲನೆಯದು ಇದೇ ಆಗಬೇಕೆಂಬುದು ನನ್ನ ಅಭಿಪ್ರಾಯ. ವಿಟಮಿನ್ ಮಾತ್ರೆ, ದುಬಾರಿ ಹಾಸಿಗೆ, ನಿದ್ರೆ ಅಳೆಯುವ ಕೈಗಡಿಯಾರ ಎಲ್ಲವೂ ಇದರ ನಂತರ ಬರುತ್ತವೆ. ಆದರೆ ಬಟ್ಟೆ ಎಷ್ಟೇ ದಪ್ಪವಿರಲಿ, ಕಿಟಕಿಯ ನಾಲ್ಕು ಅಂಚುಗಳು ಸರಿಯಾಗಿ ಮುಚ್ಚದಿದ್ದರೆ ಕೊಟ್ಟ ಹಣ ವ್ಯರ್ಥ. ಈ ಅಂಗಡಿಯನ್ನು ನಾನು ಮೆಚ್ಚುವುದು ಅಂಚುಗಳ ವಿಷಯದಲ್ಲಿ ಅಲ್ಲಿಯ ಟೈಲರ್ ತೋರಿದ ಕಾಳಜಿಗಾಗಿ. ಮೆಚ್ಚದಿರುವುದು ಅಲ್ಲಿಯ ಮಾಲೀಕರ ಕೆಲವು ಮಾತುಗಳನ್ನು ಮತ್ತು ಅವರು ಕೊಡುವ ತಾರೀಖುಗಳನ್ನು. ದೂರುಗಳೂ ಇರುವುದರಿಂದ ಅಂಗಡಿಯ ಹೆಸರನ್ನು ಬರೆದಿಲ್ಲ. ಠಾಣೆ, ಭಾಂಡೂಪ್, ಚೆಂಬೂರು, ಎಲ್ಲಿಯೇ ಆದರೂ ಹೊಲಿಗೆಯವರನ್ನು ಇಟ್ಟುಕೊಂಡ ಇಂಥ ಅಂಗಡಿ ಸಿಗುತ್ತದೆ, ಅಲ್ಲಿ ಏನು ಕೇಳಬೇಕೆಂದು ತಿಳಿದಿದ್ದರೆ ಸಾಕು.

ಕತ್ತಲೆಗೆ ಇಷ್ಟು ಮಹತ್ವ ಯಾಕೆ ಎಂಬುದನ್ನು ಸ್ವಲ್ಪ ವಿವರಿಸದೆ ಬೆಲೆಯನ್ನು ಸಮರ್ಥಿಸುವುದು ಕಷ್ಟ. ಮಿದುಳಿನ ಹೈಪೋಥಾಲಮಸ್‌ನಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಸರಿಮೇಲೆ ಇರುವ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಕೋಶಗುಂಪು ದೇಹದ ದಿನಚರಿಯ ಗಡಿಯಾರವನ್ನು ನಡೆಸುತ್ತದೆ. ಕೋಶದೊಳಗಿನ ಈ ಗಡಿಯಾರ ಹೇಗೆ ತಿರುಗುತ್ತದೆ ಎಂಬುದನ್ನು ಹಣ್ಣುನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂದಿತು. ಗಡಿಯಾರಕ್ಕೆ ಹೊತ್ತು ತಿಳಿಸುವುದು ಮುಖ್ಯವಾಗಿ ಬೆಳಕು. ಕಣ್ಣಿನ ಹಿಂಪದರವಾದ ರೆಟಿನಾದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಹೊಂದಿರುವ ಕೆಲವು ಕೋಶಗಳಿವೆ; ಅವು 480 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸಿ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುವ ಹಾರ್ಮೋನಾದ ಮೆಲಟೋನಿನ್ ಪೀನಿಯಲ್ ಗ್ರಂಥಿಯಿಂದ ಸ್ರವಿಸುವುದನ್ನು ತಡೆಯುತ್ತವೆ. ಹಗಲು ದುಡಿಯುವವರಲ್ಲಿ ದೇಹದ ಉಷ್ಣತೆ ನಸುಕಿನ ನಾಲ್ಕು ಐದು ಗಂಟೆಯ ಹೊತ್ತಿಗೆ ಅತ್ಯಂತ ಕೆಳಗಿಳಿದಿರುತ್ತದೆ, ವಾರ್ಡಿನಲ್ಲಿ ರೋಗಿಗೆ ಔಷಧಿ ಹನಿಸುವ ಇನ್ಫ್ಯೂಷನ್ ಪಂಪಿನ ಅಂಕಿಗಳನ್ನು ನಾವು ಎರಡೆರಡು ಸಲ ಓದಿಕೊಳ್ಳುವುದು ಅದೇ ಗಳಿಗೆಯಲ್ಲಿ. ಆ ಹೊತ್ತಿಗಿಂತ ಮೊದಲು ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ತಡವಾಗಿಸುತ್ತದೆ, ಅನಂತರ ಬಿದ್ದ ಬೆಳಕು ಬೇಗನಾಗಿಸುತ್ತದೆ. ಹಾಗಾಗಿ ಐಸಿಯುವಿನ ದೀಪಗಳ ಕೆಳಗೆ ರಾತ್ರಿಯೆಲ್ಲ ನಿಂತು ನಮ್ಮ ಗಡಿಯಾರ ಸ್ವಲ್ಪವಾದರೂ ರಾತ್ರಿ ಕೆಲಸಕ್ಕೆ ಹೊಂದಿಕೊಂಡಿದ್ದರೆ, ಬೆಳಗಿನ ಬಿಸಿಲು ಅದನ್ನು ಮತ್ತೆ ಹಳೆಯ ಜಾಗಕ್ಕೆ ಎಳೆದುಬಿಡುತ್ತದೆ. ನಿದ್ರಿಸುವಾಗ ಕಣ್ಣಿನ ಬಳಿಯ ಬೆಳಕು, ಲಕ್ಸ್ ಎಂಬ ಬೆಳಕಿನ ಅಳತೆಯಲ್ಲಿ, 1 ಲಕ್ಸ್‌ಗಿಂತ ಹೆಚ್ಚಿರಬಾರದು ಎಂದು ಬೆಳಕು ಮತ್ತು ನಿದ್ರೆಯ ಅಂತಾರಾಷ್ಟ್ರೀಯ ತಜ್ಞರ ತಂಡವೊಂದು 2022ರಲ್ಲಿ ಸಲಹೆ ನೀಡಿದೆ. ನೇರ ಬಿಸಿಲು ಸುಮಾರು 1,00,000 ಲಕ್ಸ್‌ವರೆಗೂ ಹೋಗುತ್ತದೆ. ಪೂರ್ವಕ್ಕೆ ಮುಖ ಮಾಡಿದ ನನ್ನ ಕಿಟಕಿಯ ಪರದೆ ಮಾಡಬೇಕಾದ ಕೆಲಸ ಈ ಎರಡು ಅಂಕಿಗಳ ನಡುವಿನದು.

ಇದಕ್ಕೆ ಮೊದಲು ಆ ಕಿಟಕಿಗಿದ್ದದ್ದು ಆನ್‌ಲೈನಿನಲ್ಲಿ ಜೋಡಿಗೆ ಸಾವಿರದ ಇನ್ನೂರು ರೂಪಾಯಿಗೆ ಸಿಗುವ ಸಿದ್ಧ ಪರದೆ. ಅದರ ಬಟ್ಟೆಯನ್ನು ದೂರುವಂತಿಲ್ಲ. ಮೇಲುಭಾಗದಲ್ಲಿ ಉಕ್ಕಿನ ಐಲೆಟ್ ಬಳೆಗಳಿದ್ದವು, ರಾಡು ಆ ಬಳೆಗಳ ಮೂಲಕ ಹಾಯ್ದು ಹೋಗುತ್ತಿತ್ತು, ಬಳೆಯ ಅಂಚಿಗೂ ರಾಡಿಗೂ ನಡುವೆ ಉಳಿಯುವ ಸಂದಿನಿಂದ ಕೋಣೆಯ ಒಳಛಾವಣಿಯ ಮೇಲೆ ಸಾಲಾಗಿ ಬೆಳಕಿನ ಚಂದ್ರಾಕಾರಗಳು ಮೂಡುತ್ತಿದ್ದವು. ಎರಡು ಪಕ್ಕಗಳಲ್ಲಿ ಗೋಡೆ ಮತ್ತು ಬಟ್ಟೆಯ ನಡುವೆ ಬೆರಳು ತೂರುವಷ್ಟು ಬಿರುಕು. ಫ್ಯಾನಿನ ಗಾಳಿಗೆ ಪರದೆ ಉಬ್ಬಿದಾಗಲೆಲ್ಲ ಆ ಬಿರುಕು ಅಗಲವಾಗಿ ಬಿಸಿಲಿನ ಪಟ್ಟಿಯೊಂದು ಹಾಸಿಗೆಯ ಮೇಲೆ ಓಡಾಡುತ್ತಿತ್ತು. ಹನ್ನೊಂದು ಗಂಟೆಯ ಸುಮಾರಿಗೆ ಅದು ಮುಖದವರೆಗೆ ಬಂದು ಎಬ್ಬಿಸುವುದು ಖಚಿತವಿತ್ತು. ಎಷ್ಟು ಬೆಳಕು ತಡೆಯುತ್ತದೆಂದು ಪೊಟ್ಟಣದ ಮೇಲೆ ಮುದ್ರಿಸಿದ ಶೇಕಡಾವಾರು ಅಂಕಿ ಬಟ್ಟೆಯ ಒಂದು ತುಂಡಿಗೆ ಸಂಬಂಧಿಸಿದ್ದು. ಇಡೀ ಕಿಟಕಿಗೆ ಅದು ಅನ್ವಯಿಸುವುದಿಲ್ಲ.

ಅಂಗಡಿಯಲ್ಲಿ ಬ್ಲ್ಯಾಕ್‌ಔಟ್ ಎಂದು ಕೇಳಿದರೆ ಎರಡು ಬಗೆಯ ಬಟ್ಟೆ ತೋರಿಸುತ್ತಾರೆ. ಒಂದು ನೇಯ್ಗೆಯಲ್ಲಿಯೇ ನಡುವೆ ಕಪ್ಪು ನೂಲಿನ ಪದರವನ್ನು ಸೇರಿಸಿದ್ದು. ಇದು ಮೆತ್ತಗಿದ್ದು ಚೆನ್ನಾಗಿ ನೆರಿಗೆ ಬೀಳುತ್ತದೆ, ತೊಳೆಯಲು ಸುಲಭ, ಆದರೆ ಹೆಚ್ಚಿನವು ಬಿಸಿಲಿಗೆ ಹಿಡಿದಾಗ ಮಂದವಾಗಿ ಮಿನುಗುತ್ತವೆ. ಇನ್ನೊಂದು ಬಟ್ಟೆಯ ಹಿಂಬದಿಗೆ ಅಕ್ರಿಲಿಕ್ ನೊರೆಯ ಲೇಪ ಹಚ್ಚಿದ್ದು. ಬಿಳಿ, ಕಪ್ಪು, ಮತ್ತೆ ಬಿಳಿ ಎಂದು ಮೂರು ಸಲ ಲೇಪಿಸಿದ ಬಟ್ಟೆಯ ಮೂಲಕ ಬೆಳಕು ಸ್ವಲ್ಪವೂ ಹಾಯುವುದಿಲ್ಲ. ಇದು ಬಿರುಸು, ಹೊಸದರಲ್ಲಿ ರಬ್ಬರಿನ ವಾಸನೆ, ಬಳುಕು ಕಡಿಮೆ. ಪರೀಕ್ಷೆ ಬಹಳ ಸರಳ. ಮೊಬೈಲ್ ಟಾರ್ಚ್ ಹಚ್ಚಿ ಬಟ್ಟೆಯನ್ನು ಅದರ ಮೇಲೆ ಒಂದೇ ಪದರ ಬರುವಂತೆ ಬಿಗಿಯಾಗಿ ಹಿಡಿಯಬೇಕು, ಅಂಗಡಿಯವರು ಎರಡು ಪದರ ಮಾಡಿ ತೋರಿಸಿದರೆ ಒಪ್ಪಬಾರದು. ಹೊಲಿಗೆಯ ತೂತುಗಳನ್ನೂ ಹೀಗೆಯೇ ನೋಡಬೇಕು, ಲೇಪದ ಬಟ್ಟೆಯಲ್ಲಿ ಸೂಜಿ ಹಾಯ್ದ ಪ್ರತಿಯೊಂದು ಜಾಗವೂ ನಕ್ಷತ್ರದಂತೆ ಮಿನುಗುತ್ತದೆ. ನಾನು ಆರಿಸಿದ್ದು ಲೇಪವಿರುವ ಬಟ್ಟೆಯನ್ನು. ಅಗಲ 54 ಇಂಚು, ಮೀಟರಿಗೆ 420 ರೂಪಾಯಿ, ಕೋಣೆಯ ಕಡೆಗೆ ಕಂದುಗೆಂಪು ಬಣ್ಣ, ಕಿಟಕಿಯ ಕಡೆಗೆ ಬಿಳಿ.

ಅಳತೆಗೆಂದು ಮನೆಗೆ ಬಂದ ಟೈಲರ್ ವಿಜಯಪುರ ಜಿಲ್ಲೆಯವರು. ನನ್ನ ಮರಾಠಿಯ ಉಚ್ಚಾರಣೆ ಕೇಳಿಯೇ ಕನ್ನಡಕ್ಕೆ ತಿರುಗಿದರು. ಕಿಟಕಿಯ ಚೌಕಟ್ಟಿಗೆ ಟೇಪು ಹಿಡಿಯುವ ಮೊದಲು ಅವರು ಕೋಣೆಯ ದೀಪ ಆರಿಸಿ, ಹಳೆಯ ಪರದೆಯನ್ನು ಪೂರ್ತಿ ಎಳೆದು, ಹಾಸಿಗೆಯ ಮೇಲೆ ಕುಳಿತು ಬೆಳಕು ಎಲ್ಲೆಲ್ಲಿಂದ ಬರುತ್ತದೆಂದು ಒಂದು ಗಳಿಗೆ ಸುಮ್ಮನೆ ನೋಡಿದರು. ಈ ಕಿಟಕಿಯಲ್ಲಿ ಕೆಲಸ ಹೇಗೆ ನಡೆಯಬೇಕೆಂಬುದು ಅಲ್ಲಿಯೇ ನಿರ್ಧಾರವಾಯಿತು.

“ಬಟ್ಟಿ ಎಷ್ಟ ದಪ್ಪ ಇದ್ರೂ ಏನ್ ಮಾಡೂದ್ರಿ ಸಿಸ್ಟರ್, ಬೆಳಕ ಮ್ಯಾಲಿಂದನ ಇಳೀತದ. ರಾಡ್ ಕಿಡಕಿಗಿಂತ ಒಂದ್ ಗೇಣ ಮ್ಯಾಲ ಹಚ್ಚೂಣು,” ಎಂದರು.

“ಬಾಡಿಗೆ ಮನೆ ಅಣ್ಣಾ, ಗೋಡೆಗೆ ಹೊಸ ತೂತು ಕೊರೆದರೆ ಮಾಲೀಕರು ಸುಮ್ಮನಿರುವುದಿಲ್ಲ,” ಎಂದೆ.

“ಮನಿ ಬಿಡು ಮುಂದ ಹೇಳ್ರಿ, ಪುಟ್ಟಿ ತುಂಬಿ ಕೊಡ್ತೀನಿ,” ಎಂದು ಹೇಳಿ ಪೆನ್ಸಿಲಿನಿಂದ ಗುರುತು ಹಾಕಿಯೇಬಿಟ್ಟರು.

ಕಿಟಕಿಯ ಅಗಲ 5 ಅಡಿ. ರಾಡು 7 ಅಡಿಯದು, ಎರಡೂ ಬದಿಗೆ ಒಂದೊಂದು ಅಡಿ ಚಾಚಿಕೊಂಡು ತುದಿಯಲ್ಲಿ ಗೋಡೆಯ ಕಡೆಗೆ ಬಾಗುತ್ತದೆ. ಬಾಗಿದ ತುದಿಯವರೆಗೂ ಬಟ್ಟೆ ಹೋಗಿ ಗೋಡೆಗೆ ವೆಲ್ಕ್ರೋ ಪಟ್ಟಿಯಿಂದ ಅಂಟಿಕೊಳ್ಳುವುದರಿಂದ ಪಕ್ಕದ ಬಿರುಕು ಉಳಿಯುವುದಿಲ್ಲ. ಐಲೆಟ್ ಬೇಡವೆಂದು ಹೇಳಿ ನೆರಿಗೆ ಹಿಡಿದು ಕೊಕ್ಕೆ ಹಾಕಿಸಿದೆವು. ನೆರಿಗೆಯ ಮೇಲಂಚು ರಾಡನ್ನು ಮರೆಮಾಡಿ ಎರಡು ಇಂಚು ಮೇಲಕ್ಕೆ ನಿಲ್ಲುತ್ತದೆ. ಮೂರು ಅಗಲದ ಬಟ್ಟೆಯನ್ನು ಒಂದೂವರೆ ಒಂದೂವರೆಯಾಗಿ ಎರಡು ಭಾಗ ಮಾಡಿ, ನಡುವೆ ಒಂದರ ಮೇಲೊಂದು ಹಾದುಬರುವಷ್ಟು ಅಂಚು ಬಿಟ್ಟು, ಅಲ್ಲಿ ನಾಲ್ಕು ಟಿಚ್ ಬಟನ್ ಕೂರಿಸಿದ್ದಾರೆ. ಕೆಳಗೆ ನೆಲದವರೆಗೆ ಉದ್ದ. ಒಳ ಅಂಚಿನಲ್ಲಿ ಸಣ್ಣ ತೂಕದ ಸರಪಳಿ ಹೊಲಿದಿರುವುದರಿಂದ ಫ್ಯಾನಿನ ಗಾಳಿಗೆ ಅಷ್ಟಾಗಿ ಹಾರುವುದಿಲ್ಲ. ಜೋಡಣೆಯಾದ ಮರುದಿನ ಹತ್ತೂವರೆಗೆ ಮಲಗಿದಾಗ ಕೈಯನ್ನು ಮುಖದ ಮುಂದೆ ಚಾಚಿದರೂ ಬೆರಳುಗಳು ಕಾಣುತ್ತಿರಲಿಲ್ಲ. ಉಳಿದಿದ್ದ ಒಂದೇ ಬೆಳಕು ಬಾಗಿಲಿನ ಕೆಳಸಂದಿನದು. ಅದಕ್ಕೆ ಮಾತ್ರ ಹಳೆಯ ಟರ್ಕಿ ಟವೆಲನ್ನು ಸುರುಳಿ ಸುತ್ತಿ ಇಡುತ್ತೇನೆ, ಪರದೆಯವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ನಿದ್ರೆಯ ಮೇಲಿನ ಪರಿಣಾಮವನ್ನು ಅಳತೆಮೀರಿ ಹೇಳಬಾರದು. ರಾತ್ರಿ ಪಾಳಿಯವರ ಹಗಲು ನಿದ್ರೆ ಸಾಮಾನ್ಯವಾಗಿ ರಾತ್ರಿ ನಿದ್ರೆಗಿಂತ ಒಂದರಿಂದ ನಾಲ್ಕು ಗಂಟೆಗಳಷ್ಟು ಕಡಿಮೆ, ಮತ್ತು ಅದಕ್ಕೆ ಬೆಳಕೊಂದೇ ಕಾರಣವಲ್ಲ. ಮಧ್ಯಾಹ್ನ ದೇಹದ ಉಷ್ಣತೆ ಏರುತ್ತಿರುವಾಗ ಗಡಿಯಾರ ತಾನಾಗಿ ಎಬ್ಬಿಸುತ್ತದೆ. ಪರದೆ ಬಂದ ಮೇಲೆ ನನಗಾದ ಸ್ಪಷ್ಟ ಬದಲಾವಣೆಯೆಂದರೆ ಹನ್ನೊಂದು ಗಂಟೆಯ ಆ ಎಚ್ಚರ ನಿಂತಿದ್ದು ಮತ್ತು ಎಚ್ಚರವಾದರೂ ಗಂಟೆ ಎಷ್ಟೆಂದು ತಿಳಿಯದೆ ಮತ್ತೆ ಮಲಗುವುದು ಸಾಧ್ಯವಾಗಿದ್ದು. ಎರಡು ಗಂಟೆಯವರೆಗೆ ಒಂದು ನಿದ್ರೆ, ಊಟ, ಸಂಜೆ ಹೊರಡುವ ಮೊದಲು ಒಂದು ಸಣ್ಣ ನಿದ್ರೆ ಎಂಬ ಕ್ರಮ ಈಗ ಗಟ್ಟಿಯಾಗಿದೆ. ಸಂಜೆಯ ನಿದ್ರೆಗೂ ಪರದೆ ಬೇಕೇ ಬೇಕು.

ಇನ್ನು ಸೆಕೆ. ಮುಂಬಯಿ ಕಡೆಯ ಮನೆಗಳಲ್ಲಿ ಬ್ಲ್ಯಾಕ್‌ಔಟ್ ಪರದೆಯ ನಿಜವಾದ ಪರೀಕ್ಷೆ ಮೇ ತಿಂಗಳಿನಲ್ಲಿ ಮತ್ತು ಮಳೆ ನಿಂತ ಮೇಲಿನ ಅಕ್ಟೋಬರಿನಲ್ಲಿ ನಡೆಯುತ್ತದೆ. ಬಿಳಿ ಲೇಪ ಕಿಟಕಿಯ ಕಡೆಗಿದ್ದುದರಿಂದ ಬಿಸಿಲಿನ ಒಂದಂಶ ಹಿಂದಿರುಗುತ್ತದೆ, ಹನ್ನೆರಡು ಗಂಟೆಯ ಹೊತ್ತಿಗೆ ಕೋಣೆ ಮೊದಲಿನಷ್ಟು ಕಾಯುವುದಿಲ್ಲ. ಆದರೆ ವೆಲ್ಕ್ರೋ ಹಾಕಿ ಎಲ್ಲ ಅಂಚುಗಳನ್ನೂ ಬಿಗಿಗೊಳಿಸಿದ ಮೇಲೆ ಗಾಳಿಯ ಓಡಾಟವೂ ನಿಂತುಬಿಡುತ್ತದೆ. ನಿದ್ರೆ ಹತ್ತಬೇಕಾದರೆ ದೇಹ ತುಸು ತಣ್ಣಗಾಗಬೇಕು, ಬೆವರಿನಲ್ಲಿ ತೊಯ್ದ ಕತ್ತಲೆಯಲ್ಲಿ ಅದು ಆಗುವುದಿಲ್ಲ. ಎಸಿ ಇರುವವರಿಗೆ ಈ ಪರದೆಯಿಂದ ಲಾಭವೇ, ತಂಪು ಹೆಚ್ಚು ಹೊತ್ತು ಉಳಿಯುತ್ತದೆ. ನನ್ನಂತೆ ಫ್ಯಾನನ್ನೇ ನೆಚ್ಚಿದವರು ಅಡುಗೆಮನೆಯ ಕಡೆಯ ಬಾಗಿಲನ್ನು ಸ್ವಲ್ಪ ತೆರೆದು ಅಲ್ಲಿ ಇನ್ನೊಂದು ಕಪ್ಪು ಪರದೆ ಇಳಿಬಿಡಬೇಕಾಗುತ್ತದೆ. ಮಹಾವಿತರಣದವರು ದುರಸ್ತಿಗೆಂದು ಕರೆಂಟು ತೆಗೆದ ದಿನ ಪರದೆ ಸರಿಸಿ ಬೆಳಕಿನಲ್ಲಿಯೇ ಮಲಗುವುದು ಲೇಸು. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಕಿಟಕಿಯ ಬಾಕ್ಸ್ ಗ್ರಿಲ್ಲಿನಿಂದ ಸಿಡಿಯುವ ಎರಚಲಿಗೆ ಬಿಳಿ ಲೇಪದ ಮೇಲೆ, ಕೆಳಗಿನ ಒಂದು ಮೊಳದಷ್ಟು ಜಾಗದಲ್ಲಿ ಬೂಷ್ಟಿನ ಕಪ್ಪು ಚುಕ್ಕೆಗಳು ಬಂದವು. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತವೆ, ಉಜ್ಜಿದರೆ ಲೇಪವೇ ಸುಲಿದು ಬರುತ್ತದೆ. ವಾಷಿಂಗ್ ಮಷೀನಿನಲ್ಲಿ ಹಾಕಬಾರದು ಎಂಬ ಮಾತನ್ನು ಅಂಗಡಿಯವರು ಬಟ್ಟೆ ಕತ್ತರಿಸುವ ಮೊದಲೇ ಹೇಳಬೇಕಿತ್ತು, ಹೇಳಿದ್ದು ಹಣ ಎಣಿಸಿಕೊಂಡ ಮೇಲೆ.

ಅಂಗಡಿಯ ಮಾಲೀಕರು ಹೇಳಿದ ಇನ್ನೊಂದು ಮಾತನ್ನು ಯಾರೂ ನಂಬಬಾರದು. ಈ ಬಟ್ಟೆ ಹೊರಗಿನ ಸದ್ದನ್ನು ಅರ್ಧಕ್ಕೆ ಇಳಿಸುತ್ತದೆ ಎಂದು ಅವರು ಗ್ರಾಹಕರೆಲ್ಲರಿಗೂ ಹೇಳುತ್ತಾರೆ. ಸದ್ದು ಒಳಬರುವುದು ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿಯ ಸಂದುಗಳಿಂದ, ಗಾಜಿನಿಂದ ಮತ್ತು ಗೋಡೆಯಿಂದ; ಪರದೆ ಕೋಣೆಯೊಳಗಿನ ಪ್ರತಿಧ್ವನಿಯನ್ನು ಕೊಂಚ ತಗ್ಗಿಸಬಹುದು ಅಷ್ಟೆ. ರದ್ದಿಯವನ ಕೂಗು, ಪಕ್ಕದ ಮನೆಯ ಕುಕ್ಕರ್ ಸೀಟಿ, ಕೊರಿಯರ್ ಹುಡುಗರ ಕರೆಗಂಟೆ ಇವು ಮೊದಲು ಹೇಗಿದ್ದವೋ ಹಾಗೆಯೇ ಇವೆ. ಹಗಲು ಮಲಗುವವರಿಗೆ ಕಾನೂನಿನ ಆಸರೆಯೂ ಅಷ್ಟಕ್ಕಷ್ಟೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಆಸ್ಪತ್ರೆಯ ಸುತ್ತಲಿನ ಕನಿಷ್ಠ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅದೇ ನಿಯಮ ಅವಕಾಶ ಕೊಡುತ್ತದೆ, ಅಲ್ಲಿ ರಾತ್ರಿಯೆಲ್ಲ ದುಡಿದು ಬಂದ ದಾದಿ ಮನೆಯಲ್ಲಿ ಮಲಗಿದಾಗ ಅವಳ ಪಾಲಿಗೆ ಬರುವುದು ಹಗಲಿನ ಮಿತಿ. ಸೊಸೈಟಿಗಳದ್ದೂ ಇದೇ ಕಥೆ: ನಮ್ಮ ಕಟ್ಟಡದಲ್ಲಿ ಎರಡರಿಂದ ನಾಲ್ಕರವರೆಗೆ ಡ್ರಿಲ್ ಹಾಕುವಂತಿಲ್ಲ, ಹಿರಿಯರು ಊಟ ಮಾಡಿ ಒರಗುವ ಹೊತ್ತು ಅದು, ನನ್ನ ಗಾಢ ನಿದ್ರೆ ಅಷ್ಟರಲ್ಲಿ ಮುಗಿದಿರುತ್ತದೆ.

ಆದ್ದರಿಂದ ಪರದೆಯ ಜೊತೆಗೆ ನೊರೆಯ ಇಯರ್‌ಪ್ಲಗ್ ಕೊಳ್ಳಲೇಬೇಕು. ಮೆಡಿಕಲ್ ಅಂಗಡಿಯಲ್ಲಿ ಒಂದು ಜೊತೆಗೆ ಹೆಚ್ಚೇನೂ ಆಗುವುದಿಲ್ಲ. ಒಳ್ಳೆಯವುಗಳ ಮೇಲೆ 29ರಿಂದ 33 ಡೆಸಿಬೆಲ್ ಸದ್ದು ತಗ್ಗಿಸುತ್ತದೆ ಎಂದು ಬರೆದಿರುತ್ತದೆ. ಬೆರಳಿನಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು ಅದು ಉಬ್ಬುವವರೆಗೆ ಹಿಡಿದುಕೊಳ್ಳದಿದ್ದರೆ ಆ ಅಂಕಿಯ ಅರ್ಧವೂ ದಕ್ಕುವುದಿಲ್ಲ. ಅಲಾರಂ ಕೇಳಿಸಲಾರದೆಂಬ ಅಂಜಿಕೆಯಿರುವವರು ಫೋನನ್ನು ಕಂಪಿಸುವಂತೆ ಮಾಡಿ ದಿಂಬಿನ ಕೆಳಗಿಡಬಹುದು. ಕರೆಗಂಟೆಯ ಸ್ವಿಚ್ಚು ಆರಿಸಿ ಬಾಗಿಲಿಗೆ ಮರಾಠಿಯಲ್ಲಿ ಒಂದು ಚೀಟಿ ಅಂಟಿಸುವುದಕ್ಕೆ ಕಾಸೂ ಬೇಡ.

ಹಾಸ್ಟೆಲಿನಲ್ಲಿ ಅಥವಾ ಪೇಯಿಂಗ್ ಗೆಸ್ಟ್ ಆಗಿ ಇರುವ ಹುಡುಗಿಯರಿಗೆ ಐದು ಸಾವಿರದ ಈ ಪರದೆಯನ್ನು ನಾನು ಶಿಫಾರಸು ಮಾಡಲಾರೆ. ಒಂದೇ ಕೋಣೆಯಲ್ಲಿ ಒಬ್ಬಳು ಮಾರ್ನಿಂಗ್, ಒಬ್ಬಳು ಈವ್ನಿಂಗ್, ಒಬ್ಬಳು ನೈಟ್ ಇದ್ದಾಗ ಟ್ಯೂಬ್‌ಲೈಟ್ ಯಾವಾಗ ಬೇಕಾದರೂ ಹತ್ತಬಹುದು. ಅಂಥವರಿಗೆ ಮೂಗಿನ ಬದಿಯ ಸಂದನ್ನೂ ಮುಚ್ಚುವ, ಕಣ್ಣುಗುಡ್ಡೆಯ ಮೇಲೆ ಒತ್ತದಂತೆ ಬಟ್ಟಲಿನಾಕಾರದಲ್ಲಿ ಹೊಲಿದ ಕಣ್ಣುಪಟ್ಟಿಯೇ ಸೂಕ್ತ; ಮುನ್ನೂರು ರೂಪಾಯಿಯ ಒಳಗೆ ಸಿಗುತ್ತದೆ. ನನಗೆ ಅದು ಸೆಕೆಯಲ್ಲಿ ತಡೆಯಲಾಗದೆ ನಿದ್ರೆಯಲ್ಲಿಯೇ ಕಿತ್ತೆಸೆಯುವ ಅಭ್ಯಾಸವಾಯಿತು. ಕಿಟಕಿಯ ಗಾಜಿಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸುವ ಉಪಾಯವೂ ಕೆಲಸ ಮಾಡುತ್ತದೆ, ಆದರೆ ಎದ್ದ ಮೇಲೆ ಅದನ್ನು ತೆರೆಯುವಂತಿಲ್ಲ ಎಂಬುದು ದೊಡ್ಡ ಕೊರತೆ.

ಯಾಕೆಂದರೆ ಪರದೆಯನ್ನು ಮುಚ್ಚುವಷ್ಟೇ ಮುಖ್ಯವಾದದ್ದು ಅದನ್ನು ತೆರೆಯುವುದು. ಎದ್ದ ಕೂಡಲೇ ಟಿಚ್ ಬಟನ್ ಬಿಚ್ಚಿ ಎರಡೂ ಭಾಗಗಳನ್ನು ಪೂರ್ತಿ ಸರಿಸಬೇಕು, ಸಾಧ್ಯವಾದರೆ ಸಂಜೆಯ ಬೆಳಕಿನಲ್ಲಿ ಸ್ವಲ್ಪ ನಡೆದು ಬರಬೇಕು. ತಿಂಗಳುಗಟ್ಟಲೆ ನೈಟ್ ಮಾಡುವವರು ಬಿಸಿಲನ್ನೇ ಕಾಣದೆ ವಿಟಮಿನ್ ಡಿ ಕೊರತೆಗೆ ಗುರಿಯಾಗುವುದು ನಮ್ಮಲ್ಲಿ ಮಾಮೂಲು, ಅಂಥವರಿಗೆ ಕಿಟಕಿ ಶಾಶ್ವತವಾಗಿ ಕಪ್ಪಾಗುವುದು ಒಳ್ಳೆಯದಲ್ಲ. ಹಾಗೆಯೇ ಕತ್ತಲೆ ಮನೆಯಲ್ಲಿ ಶುರುವಾದರೆ ತಡವಾಯಿತು. ಬೆಳಿಗ್ಗೆ ಕಲ್ಯಾಣದ ಕಡೆಗೆ ಹೋಗುವ ಲೋಕಲಿನಲ್ಲಿ ಜನ ಕಡಿಮೆ, ಕೂರಲು ಜಾಗ ಸಿಗುತ್ತದೆ, ಬಿಸಿಲು ಬಲಗಡೆಯಿಂದ ಬರುತ್ತದೆ. ಎಡಗಡೆಯ ಸೀಟು ಹಿಡಿದು ಗಾಢ ಬಣ್ಣದ ಕನ್ನಡಕ ಹಾಕಿಕೊಂಡರೆ ಗಡಿಯಾರವನ್ನು ಬೇಗನಾಗಿಸುವ ಆ ಬೆಳಕಿನಿಂದ ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು. ಸ್ಟೇಷನ್ನಿನಿಂದ ಸ್ಕೂಟರಿನಲ್ಲಿ ಹೋಗುವವರಿಗೆ ಮಾತ್ರ ಈ ಸಲಹೆ ಹೇಳಲಾರೆ. ಹದಿನೇಳು ಗಂಟೆ ಎಚ್ಚರವಿದ್ದವರ ಚುರುಕು ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ, ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇ. 0.03. ಮಧ್ಯಾಹ್ನ ಮೂರಕ್ಕೆ ಎದ್ದು ಮತ್ತೆ ಕಣ್ಣು ಮುಚ್ಚದ ನರ್ಸ್ ಬೆಳಿಗ್ಗೆ ಎಂಟಕ್ಕೆ ಹ್ಯಾಂಡೋವರ್ ಕೊಡುವಾಗ ಸರಿಯಾಗಿ ಹದಿನೇಳು ಗಂಟೆ ಪೂರೈಸಿರುತ್ತಾಳೆ. ರಿಕ್ಷಾಕ್ಕೆ ಕೊಡುವ ಹಣವನ್ನು ಉಳಿಸುವ ಜಾಗ ಅದಲ್ಲ.

ಪರದೆಯಿಂದ ಆಗದ ಕೆಲಸಗಳನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯ ದುಡಿಮೆಯನ್ನು 2007ರಲ್ಲಿ, ಮತ್ತೆ ಪರಿಶೀಲಿಸಿ 2019ರಲ್ಲಿ, ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ 2ಎ ಗುಂಪಿಗೆ ಸೇರಿಸಿದೆ; ಅಮೆರಿಕದಲ್ಲಿ 1976ರಿಂದ ನಡೆಯುತ್ತಿರುವ ದಾದಿಯರ ಆರೋಗ್ಯ ಅಧ್ಯಯನ ವರ್ಷಗಟ್ಟಲೆ ಪಾಳಿ ಬದಲಿಸಿ ದುಡಿದವರಲ್ಲಿ ಹೃದ್ರೋಗ ಮತ್ತು ಮಧುಮೇಹದ ಅಪಾಯ ಹೆಚ್ಚೆಂದು ಕಂಡುಕೊಂಡಿದೆ. ಮಲಗುವ ಕೋಣೆಯನ್ನು ಕತ್ತಲೆ ಮಾಡಿದ ಮಾತ್ರಕ್ಕೆ ಈ ಅಪಾಯಗಳು ಅಳಿಯುತ್ತವೆಂದು ಯಾರೂ ಹೇಳಲಾರರು. ನಡುರಾತ್ರಿಯ ವಡಾಪಾವ್, ಮೂರು ಗಂಟೆಯ ಚಹಾ, ಅದರಿಂದ ಬರುವ ಎದೆಯುರಿ ಇವು ಬೇರೆಯೇ ಲೆಕ್ಕ. ಚಹಾದ ಕೆಫೀನಿನಲ್ಲಿ ಅರ್ಧ ದೇಹದಿಂದ ಹೋಗಲು ಐದು ಗಂಟೆಯಷ್ಟು ಬೇಕಾಗುವುದರಿಂದ ನಸುಕಿನಲ್ಲಿ ಕುಡಿದ ಕಪ್ಪಿನ ಮುಂದೆ ಯಾವ ಪರದೆಯೂ ಸೋಲುತ್ತದೆ. ನಿದ್ರೆ ಮಾತ್ರೆಯ ವಿಷಯದಲ್ಲಿ ನಮ್ಮವರು ಹೆಚ್ಚು ಎಚ್ಚರದಿಂದಿರಬೇಕು. ಆಲ್ಪ್ರಜೋಲಾಮ್, ಜೋಲ್ಪಿಡೆಮ್ ಎರಡೂ ಎಚ್1 ಶೆಡ್ಯೂಲಿನ ಔಷಧಿಗಳು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ವಾರ್ಡಿನಲ್ಲಿ ಕೈಗೆಟಕುವ ಹಾಗಿವೆ ಎಂಬ ಕಾರಣಕ್ಕೆ ಅವುಗಳನ್ನು ಮನೆಗೆ ತರುವ ಚಾಳಿ ಯಾರಿಗೂ ಒಳ್ಳೆಯದು ಮಾಡಿಲ್ಲ.

ಎಲ್ಲಕ್ಕಿಂತ ಮೇಲೆ ರೋಸ್ಟರ್, ಅಂದರೆ ಯಾರಿಗೆ ಯಾವ ದಿನ ಯಾವ ಪಾಳಿ ಎಂಬ ಪಟ್ಟಿ, ಇದೆ. ದೇಹದ ಗಡಿಯಾರ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಗಂಟೆಯಷ್ಟು ಸರಿಯುತ್ತದೆ. ಒಂದು ನೈಟ್, ಒಂದು ಆಫ್, ಎರಡು ಮಾರ್ನಿಂಗ್, ಮತ್ತೆ ಒಂದು ನೈಟ್ ಎಂಬಂಥ ಚೆಲ್ಲಾಪಿಲ್ಲಿ ರೋಸ್ಟರ್ ಹಾಕಿಸಿಕೊಂಡವರಿಗೆ ನನ್ನ ಪರದೆ ಕೇವಲ ಆ ದಿನದ ನಿದ್ರೆಯನ್ನು ಕಾಯುತ್ತದೆ. ಮಾರ್ನಿಂಗ್, ಈವ್ನಿಂಗ್, ನೈಟ್ ಎಂಬ ಮುಂಗತಿಯ ಕ್ರಮ ಅದರ ತಿರುವುಮುರುವಿಗಿಂತ ದೇಹಕ್ಕೆ ಸುಲಭ. ದಾದಿಯರ ಮೇಲ್ವಿಚಾರಕಿಯಾದ ಮೆಟ್ರನ್ ಬಳಿ ಇದನ್ನು ಒಬ್ಬೊಬ್ಬರಾಗಿ ಕೇಳುವುದಕ್ಕಿಂತ ವಾರ್ಡಿನವರೆಲ್ಲ ಸೇರಿ ಬರಹದಲ್ಲಿ ಕೊಡುವುದು ಮೇಲು. ಮನೆಯವರ ಸಹಕಾರವೂ ರೋಸ್ಟರಿನಷ್ಟೇ ತೂಕದ್ದು. ಹಗಲು ಮನೆಯಲ್ಲಿರುವ ಸೊಸೆ ಮಲಗಿದ್ದಾಳೆಂದರೆ ಬಿಡುವಾಗಿದ್ದಾಳೆ ಎಂದು ತಿಳಿಯುವ ಮನೆಗಳು ನಮ್ಮವರಲ್ಲಿ ಈಗಲೂ ಇವೆ, ಗ್ಯಾಸ್ ಸಿಲಿಂಡರಿನವನು ಬಂದಾಗ ಏಳಬೇಕಾದವಳೂ ಅವಳೇ. ಪರದೆ ಕಟ್ಟಿದ ಮೇಲೆ ನಮ್ಮತ್ತೆಯವರು, ಕೋಣೆ ಕತ್ತಲಾಗಿದೆ ಎಂಬುದೊಂದೇ ಕಾರಣಕ್ಕೆ, ಬಾಗಿಲು ತಟ್ಟುವುದನ್ನು ಬಿಟ್ಟಿದ್ದಾರೆ. ಅಂಗಡಿಯವರು ಹೇಳದ ಈ ಲಾಭವನ್ನು ನಾನು ಲೆಕ್ಕಕ್ಕೆ ಸೇರಿಸಿಕೊಂಡಿದ್ದೇನೆ.

ಬಿಲ್ಲಿನ ವಿವರ ಹೀಗಿದೆ. ಏಳೂವರೆ ಮೀಟರ್ ಬಟ್ಟೆಗೆ 3,150, ಹೊಲಿಗೆ ಮೂರು ಅಗಲಕ್ಕೆ 540, ಬಾಗಿದ ತುದಿಯ ರಾಡಿಗೆ 950, ವೆಲ್ಕ್ರೋ ಮತ್ತು ಗೋಡೆಗೆ ಕೂರಿಸಿದ್ದಕ್ಕೆ 360. ಒಟ್ಟು 5,000 ರೂಪಾಯಿ. ಮಾಲೀಕರು ಮೊದಲು ನೆರಿಗೆಗೆ ರಾಡಿನ ಉದ್ದದ ಎರಡುಪಟ್ಟು ಬಟ್ಟೆಯ ಬದಲು ಮೂರುಪಟ್ಟಿನ ಲೆಕ್ಕ ಹಾಕಿ ಹನ್ನೊಂದು ಮೀಟರ್ ಬೇಕೆಂದಿದ್ದರು. ಅಂದಕ್ಕೆ ಅದು ಸರಿಯಿರಬಹುದು, ಕತ್ತಲೆಗೆ ಎರಡುಪಟ್ಟೇ ಧಾರಾಳ. ಹೇಳಿದ ತಾರೀಖಿಗೆ ಪರದೆ ಸಿಗಲಿಲ್ಲ, ಪ್ರತಿ ಸಲ ಫೋನ್ ಮಾಡಿದಾಗಲೂ ನಾಳೆ ಎಂಬ ಉತ್ತರವೇ ಬಂತು, ಅದೂ ನಾನು ಮಲಗಿರುವ ಹೊತ್ತಿನಲ್ಲಿ ಮರುಕರೆ ಮಾಡಿ. ಬಲಬದಿಯ ವೆಲ್ಕ್ರೋ ಮಳೆಗಾಲದ ತೇವಕ್ಕೆ ಗೋಡೆಯಿಂದ ಎದ್ದಾಗ ಮಾತ್ರ ಟೈಲರ್ ಹಣ ಕೇಳದೆ ಬಂದು, ಅಂಟಿನ ಬದಲು ಸಣ್ಣ ಮೊಳೆಗಳಿಂದ ಕೂರಿಸಿ ಹೋದರು. ಹೊಸದಾಗಿ ಮಾಡಿಸುವವರು ಮೊದಲಿಗೇ ಮೊಳೆಯನ್ನು ಕೇಳಿ ಪಡೆಯುವುದು ಒಳ್ಳೆಯದು. ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ ಅಲ್ಲಿ ಪರದೆ, ಸೋಫಾ ಕವರುಗಳ ನೂಕುನುಗ್ಗಲು ಇರುವುದರಿಂದ ಹಬ್ಬ ಕಳೆದ ಮೇಲೆ ಹೋಗುವುದು, ಮುಂಗಡವಾಗಿ ಅರ್ಧಕ್ಕಿಂತ ಹೆಚ್ಚು ಕೊಡದಿರುವುದು, ಮತ್ತು ಅಳತೆಗೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ, ಬಿಸಿಲು ಕಿಟಕಿಯ ಮೇಲಿರುವಾಗಲೇ ಬರಬೇಕೆಂದು ಹೇಳುವುದು ಉಚಿತ.